ಗಾಂಜಾ ಎಣ್ಣೆ, ಕ್ಯಾನ್ಸರ್ ನೋವು ಮತ್ತು ಮಗುವಿನ ಮೂರ್ಛೆ: ಎಲ್ಲಿ ಉಪಯೋಗ, ಎಲ್ಲಿ ಅಪಾಯ

ಪ್ರಶ್ನೆ: ಮಾನ್ಯ ಡಾಕ್ಟರರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ನಮ್ಮ ತಂದೆಯವರಿಗೆ 64 ವರ್ಷ, ಅಡಿಕೆ ಕೃಷಿಕರು. ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ಆಪರೇಷನ್ ಆಗಿ ಈಗ ಕರೆಂಟ್ (ವಿಕಿರಣ ಚಿಕಿತ್ಸೆ) ಮತ್ತು ಕೀಮೋ ನಡೆಯುತ್ತಿದೆ. ವಾಕರಿಕೆ, ಊಟ ಸೇರದಿರುವುದು, ಕಿವಿಯವರೆಗೆ ಹರಿಯುವ ಉರಿನೋವು ಇವೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಆನ್‌ಲೈನಿನಲ್ಲಿ ಗಾಂಜಾ ಗಿಡದ ‘ವಿಜಯಾ’ ಎಣ್ಣೆಯ ಬಾಟಲಿ ತರಿಸಿಕೊಟ್ಟಿದ್ದಾನೆ; ಕ್ಯಾನ್ಸರನ್ನೇ ಕರಗಿಸುತ್ತದೆ ಎನ್ನುತ್ತಾನೆ. ಅದೇ ಎಣ್ಣೆಯನ್ನು ಮೂರ್ಛೆ ಬರುವ ನನ್ನ ತಂಗಿಯ ಮಗನಿಗೂ (7 ವರ್ಷ, 20 ಕೆ.ಜಿ., ವಾಲ್ಪ್ರೊಯೇಟ್ ಸಿರಪ್ ಕುಡಿಯುತ್ತಾನೆ) ಮೂರು ಹನಿ ಕೊಡಲು ಶುರು ಮಾಡಿದ್ದಾರೆ. ಹಿಂದೆ ನಮ್ಮ ಅಜ್ಜಿ ದನಗಳಿಗೆ ಭೇದಿಯಾದರೆ ಭಂಗಿ ಸೊಪ್ಪು ತಿನ್ನಿಸುತ್ತಿದ್ದರು, ಆದ್ದರಿಂದ ಇದು ವಿಷವಲ್ಲ ಎಂದು ಅಮ್ಮನೂ ಒಪ್ಪಿದ್ದಾರೆ. ಹಿತ್ತಲಲ್ಲಿ ಒಂದು ಗಿಡ ಬೆಳೆಸಿ ಕಷಾಯ ಮಾಡಿದರೆ ಇನ್ನೂ ಒಳ್ಳೆಯದೆಂದು ನೆರೆಯವರ ಸಲಹೆ. ಇದರಲ್ಲಿ ನಿಜವೆಷ್ಟು? ಕಾನೂನಿನ ತೊಂದರೆ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಇಬ್ಬರು ರೋಗಿಗಳಿದ್ದಾರೆ, ಬಾಟಲಿ ಮಾತ್ರ ಒಂದೇ. ತೊಡಕು ಶುರುವಾಗುವುದೇ ಅಲ್ಲಿಂದ. ಗಾಂಜಾ ಗಿಡದಿಂದ ಬಂದ ಕೆಲವು ಔಷಧಗಳು ಕೆಲವು ಕಾಯಿಲೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಅದನ್ನು ಅಲ್ಲಗಳೆಯುವ ವೈದ್ಯರು ಹಳೆಯ ಭಯದಿಂದ ಮಾತಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ತಂದೆಯವರಿಗೆ ಈ ಹಂತದಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ, ಅಗ್ಗದ, ಶಿವಮೊಗ್ಗದಲ್ಲೇ ಸಿಗುವ ಔಷಧಗಳಿವೆ. ಮಗುವಿನ ವಿಷಯ ಬೇರೆ. ಅಲ್ಲಿ ಈ ಗಿಡದ ಒಂದು ಅಂಶಕ್ಕೆ ಗಟ್ಟಿಯಾದ ಪುರಾವೆ ಇದೆ, ಆದರೆ ನಿಮ್ಮ ಕೈಯಲ್ಲಿರುವ ಬಾಟಲಿ ಆ ಔಷಧವಲ್ಲ.

ಗಾಂಜಾ ಎಂಬುದು ಒಂದು ಔಷಧದ ಹೆಸರಲ್ಲ. ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ: ಮಂಡಿಯಲ್ಲಿ ಬರೀ ‘ಅಡಿಕೆ’ ಎಂದರೆ ಯಾರೂ ಧಾರಣೆ ಹೇಳುವುದಿಲ್ಲ, ಸರಕೋ ಬೆಟ್ಟೆಯೋ ರಾಶಿಯೋ ಗೊರಬಲೋ ಎಂದು ಕೇಳುತ್ತಾರೆ. ಹಾಗೆಯೇ ಈ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ನೂರಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ವೈದ್ಯಕೀಯದಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಟಿಎಚ್‌ಸಿ, ಅಮಲು ತರುವುದು, ಹಸಿವು ಕೆರಳಿಸುವುದು, ವಾಕರಿಕೆ ತಗ್ಗಿಸುವುದು, ಎದೆ ಬಡಿತ ಏರಿಸುವುದು, ಕೆಲವರಲ್ಲಿ ಭ್ರಮೆ ಹುಟ್ಟಿಸುವುದು ಎಲ್ಲವೂ ಬಹುಮಟ್ಟಿಗೆ ಇದರ ಕೆಲಸ. ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆ ತಿಳಿಸಿದರು. ಎರಡನೆಯದು ಸಿಬಿಡಿ, ಅಂದರೆ ಕ್ಯಾನಬಿಡಿಯಾಲ್. ಇದು ಅಮಲು ತರುವುದಿಲ್ಲ, ಇದರ ದಾರಿಯೇ ಬೇರೆ. ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿ ಮಾತ್ರವಲ್ಲ, ಕರುಳಿನ ನರಗಳಲ್ಲೂ ಇವೆ, ಮತ್ತು ಅಲ್ಲಿ ಅದು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ನಿಮ್ಮ ಅಜ್ಜಿಯವರು ದನದ ಭೇದಿಗೆ ಭಂಗಿ ಸೊಪ್ಪು ಕೊಟ್ಟಿದ್ದರ ಹಿಂದೆ ಹೀಗೊಂದು ಕಾರಣವಿದೆ. ಆಯುರ್ವೇದದ ಜಾತೀಫಲಾದಿ ಚೂರ್ಣದಲ್ಲಿ ಭಂಗಿ ಸೇರಿರುವುದಕ್ಕೂ, ಆ ಚೂರ್ಣವನ್ನು ಗ್ರಹಣಿಯಂತಹ ಕರುಳಿನ ತೊಂದರೆಗಳಿಗೆ ಕೊಡುತ್ತಾ ಬಂದಿದ್ದಕ್ಕೂ ಇದೇ ಕಾರಣ ಹೊಂದುತ್ತದೆ. ಆದರೆ ದನದ ಭೇದಿ ನಿಲ್ಲಿಸಿದ್ದು ಮನುಷ್ಯನ ಕೆನ್ನೆಯ ಗಡ್ಡೆ ಕರಗಿಸುತ್ತದೆ ಎನ್ನಲು ಯಾವ ಆಧಾರವೂ ಇಲ್ಲ.

ಆ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಕ್ಯಾನಬಿನಾಯ್ಡ್ ಸುರಿದಾಗ ಕೆಲವು ಸತ್ತಿವೆ, ಇಲಿಗಳಲ್ಲಿ ಕೆಲವು ಗಡ್ಡೆಗಳು ಕುಗ್ಗಿವೆ. ಮನುಷ್ಯರಲ್ಲಿ ಈ ಎಣ್ಣೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ತೋರಿಸಿದ ಪರೀಕ್ಷೆ ಇಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2024ರ ಮಾರ್ಗಸೂಚಿಯಲ್ಲಿ, ಸಂಶೋಧನಾ ಪರೀಕ್ಷೆಯ ಹೊರಗೆ ಇದನ್ನು ಕ್ಯಾನ್ಸರ್ ಗುಣಪಡಿಸುವ ಚಿಕಿತ್ಸೆಯಾಗಿ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ನಿಮ್ಮ ತಂದೆಯವರಿಗೆ ಆಪರೇಷನ್ ನಂತರ ಕರೆಂಟ್ ಮತ್ತು ಕೀಮೋ ಒಟ್ಟಿಗೆ ಕೊಡುತ್ತಿರುವುದು ರೋಗ ಮರುಕಳಿಸದಂತೆ ತಡೆಯುವುದಕ್ಕಾಗಿ. ಆ ಅವಧಿಯಲ್ಲಿ ಕರೆಂಟಿನ ದಿನಗಳು ತಪ್ಪಬಾರದು. ಎಣ್ಣೆಯನ್ನು ನಂಬಿ ನಡುವೆ ನಿಲ್ಲಿಸಿದರೆ ಆಗುವ ನಷ್ಟವನ್ನು ಆಮೇಲೆ ತುಂಬಿಕೊಡುವ ಔಷಧ ನಮ್ಮ ಬಳಿ ಇಲ್ಲ.

ಇನ್ನು ವಾಕರಿಕೆ. ಈ ಗಿಡದ ಔಷಧೀಯ ಉಪಯೋಗಗಳಲ್ಲಿ ಬಹಳ ಹಿಂದೆಯೇ ಅಧಿಕೃತ ಒಪ್ಪಿಗೆ ಪಡೆದದ್ದು ಇದೇ. ಕೃತಕವಾಗಿ ತಯಾರಿಸಿದ ಟಿಎಚ್‌ಸಿಯಾದ ಡ್ರೊನಾಬಿನಾಲ್‌ಗೂ ಅದರ ಸಂಬಂಧಿಯಾದ ನಾಬಿಲೋನ್‌ಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1985ರಲ್ಲಿಯೇ, ಬೇರೆ ಔಷಧಗಳಿಗೆ ಜಗ್ಗದ ಕೀಮೋ ವಾಕರಿಕೆಗೆಂದು ಅನುಮತಿ ಕೊಟ್ಟಿತು. ಆಗಿನ ವಾಂತಿ ಔಷಧಗಳು ದುರ್ಬಲವಾಗಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಇಂದು ಒಂಡನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟಂಟ್ ಮತ್ತು ಓಲಂಜಪಿನ್ ಸೇರಿದ ಚಿಕಿತ್ಸೆ ಬಹುಪಾಲು ರೋಗಿಗಳ ವಾಂತಿಯನ್ನು ಹತೋಟಿಗೆ ತರುತ್ತದೆ. ಮಾರ್ಗಸೂಚಿಯಂತೆ ವಾಂತಿ ಔಷಧ ಕೊಟ್ಟ ಮೇಲೂ ವಾಂತಿ ನಿಲ್ಲದವರಿಗೆ ಆಸ್ಟ್ರೇಲಿಯಾದಲ್ಲಿ ಟಿಎಚ್‌ಸಿ ಮತ್ತು ಸಿಬಿಡಿ ತಲಾ 2.5 ಮಿಲಿಗ್ರಾಂ ಇರುವ ಕ್ಯಾಪ್ಸೂಲ್ ಕೊಟ್ಟು ಪರೀಕ್ಷಿಸಿದ್ದಾರೆ. 2024ರಲ್ಲಿ ಪ್ರಕಟವಾದ ಅಂತಿಮ ಫಲಿತಾಂಶದಂತೆ ಪೂರ್ಣ ಪರಿಹಾರ ಕಂಡವರು ಹುಸಿಮಾತ್ರೆಯ (ಔಷಧವಿಲ್ಲದ, ಹೋಲಿಕೆಗಾಗಿ ಕೊಡುವ ಮಾತ್ರೆ) ಗುಂಪಿನಲ್ಲಿ ನೂರಕ್ಕೆ 8, ಔಷಧದ ಗುಂಪಿನಲ್ಲಿ ನೂರಕ್ಕೆ 24. ಇದು ಗಣನೀಯ ಲಾಭ, ನಾನು ಇದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಪರೀಕ್ಷೆಗೆ ಸೇರಿದವರೆಲ್ಲ ಉತ್ತಮ ವಾಂತಿ ಔಷಧಗಳನ್ನು ಮೊದಲೇ ಪಡೆದಿದ್ದವರು. ನಿಮ್ಮ ತಂದೆಯವರ ಚೀಟಿಯಲ್ಲಿ ಓಲಂಜಪಿನ್ ಇದೆಯೇ ನೋಡಿ, ಇಲ್ಲದಿದ್ದರೆ ಅವರ ಕ್ಯಾನ್ಸರ್ ವೈದ್ಯರನ್ನು ಅದರ ಬಗ್ಗೆ ಕೇಳಿ. ಅದು ಮಾನಸಿಕ ಕಾಯಿಲೆಗೂ ಬಳಸುವ ಮಾತ್ರೆಯಾದ್ದರಿಂದ ಔಷಧ ಅಂಗಡಿಯಲ್ಲಿ ಯಾರಾದರೂ ‘ಇದು ಹುಚ್ಚಿಗೆ ಕೊಡುವ ಮಾತ್ರೆ’ ಎಂದು ಹೇಳಿ ಗಾಬರಿಪಡಿಸಬಹುದು. ಇಲ್ಲಿ ಅದನ್ನು ಕೊಡುವುದು ವಾಂತಿಗಾಗಿಯೇ.

ಊಟ ಸೇರದಿರುವುದಕ್ಕೂ ಇದೇ ಮಾತ್ರೆ ಉಪಯೋಗವಾದೀತು. ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ಕೀಮೋ ಪಡೆಯುತ್ತಿದ್ದ ರೋಗಿಗಳಿಗೆ ದಿನಕ್ಕೆ ಕೇವಲ 2.5 ಮಿಲಿಗ್ರಾಂ ಓಲಂಜಪಿನ್ ಕೊಟ್ಟಾಗ, ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ಏರಿದವರು ನೂರಕ್ಕೆ 60 ಮಂದಿ. ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 9 ಮಾತ್ರ. ಗಾಂಜಾ ಹಸಿವು ತರುತ್ತದೆ ಎಂಬ ಪ್ರಸಿದ್ಧಿಗೆ ಹೋಲಿಸಿದರೆ ಅದರ ಫಲಿತಾಂಶ ನಿರಾಶೆಯದು. ಡ್ರೊನಾಬಿನಾಲ್‌ಗೆ 1992ರಲ್ಲಿ ಹಸಿವಿನ ಸಲುವಾಗಿ ಅನುಮತಿ ಸಿಕ್ಕಿದ್ದು ಏಡ್ಸ್ ರೋಗಿಗಳಿಗೆ. ಕ್ಯಾನ್ಸರ್ ರೋಗಿಗಳಲ್ಲಿ ಅದು ಮೆಜೆಸ್ಟ್ರಾಲ್ ಎಂಬ ಹಳೆಯ ಔಷಧಕ್ಕಿಂತ ಹಿಂದೆ ಬಿತ್ತು. ಗಾಂಜಾ ಸಾರವನ್ನು ಹುಸಿಮಾತ್ರೆಯೊಡನೆ ಹೋಲಿಸಿದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಇದಕ್ಕೂ ಮೊದಲು ನೀವೇ ಮಾಡಬಹುದಾದ ಕೆಲಸವೊಂದಿದೆ. ಹಗಲು ಬೆಳಕಿನಲ್ಲಿ, ಮೊಬೈಲಿನ ಟಾರ್ಚ್ ಹಿಡಿದು ತಂದೆಯವರ ಬಾಯಿಯೊಳಗೆ ನೋಡಿ. ನಾಲಿಗೆ ಮತ್ತು ಅಂಗುಳಿನ ಮೇಲೆ ಮೊಸರಿನ ಗರಣೆಯಂತಹ ಬಿಳಿ ಪದರವಿದ್ದು, ಒರೆಸಿದರೆ ಕೆಳಗೆ ಕೆಂಪಾಗಿ ಕಾಣುತ್ತದೆಯೇ? ಅದು ಫಂಗಸ್ ಸೋಂಕು. ವಾರ ಎರಡು ವಾರದ ಔಷಧದಲ್ಲಿ ಹೋಗುತ್ತದೆ, ಹೋದ ಕೂಡಲೇ ಎಷ್ಟೋ ಮಂದಿ ಗಂಜಿ ಕೇಳುತ್ತಾರೆ. ಕರೆಂಟಿನಿಂದ ಬಾಯಿ ಹುಣ್ಣಾಗಿದ್ದರೆ, ಜೊಲ್ಲು ಒಣಗಿದ್ದರೆ, ರುಚಿ ಸತ್ತಿದ್ದರೆ ಅಲ್ಲಿ ಹಸಿವಿನ ಔಷಧ ಏನು ಮಾಡೀತು? ನುಂಗುವಾಗಿನ ನೋವಿಗೆ ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧ ಕೊಡಬೇಕು. ಅದೂ ಸಾಲದೆ ತೂಕ ಇಳಿಯುತ್ತಲೇ ಇದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುವ ಬಗ್ಗೆ ವೈದ್ಯರು ಹೇಳುತ್ತಾರೆ. ಅದನ್ನು ಸೋಲೆಂದು ತಿಳಿಯಬೇಡಿ, ಚಿಕಿತ್ಸೆ ಮುಗಿಸಲು ಬೇಕಾದ ಶಕ್ತಿ ಅದರಿಂದ ಬರುತ್ತದೆ.

ನೋವಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಗಾಂಜಾದ ಹೆಸರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಭರವಸೆ ನೋವು ನಿವಾರಣೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರ ವರದಿಯಲ್ಲಿ ವಯಸ್ಕರ ದೀರ್ಘಕಾಲದ ನೋವಿಗೆ ಇದರಿಂದ ಉಪಯೋಗವಿದೆ ಎನ್ನಲು ಗಣನೀಯ ಪುರಾವೆ ಇದೆಯೆಂದವು, ಆ ಒಂದು ವಾಕ್ಯ ಜಗತ್ತನ್ನೆಲ್ಲ ಸುತ್ತಿತು. ಲಾಭದ ಪ್ರಮಾಣ ಎಷ್ಟು ಎಂಬ ಲೆಕ್ಕ ಮಾತ್ರ ಅಷ್ಟು ಸುತ್ತಲಿಲ್ಲ. ಕ್ಯಾನ್ಸರೇತರ ದೀರ್ಘ ನೋವಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 24 ಮಂದಿಗೆ ಔಷಧ ಕೊಟ್ಟರೆ ಹುಸಿಮಾತ್ರೆಗಿಂತ ಹೆಚ್ಚಾಗಿ ಒಬ್ಬರಿಗೆ ನೋವು ನೂರಕ್ಕೆ 30ರಷ್ಟು ತಗ್ಗುತ್ತದೆ. ಅಡ್ಡಪರಿಣಾಮ ಮಾತ್ರ ಪ್ರತಿ 6 ಮಂದಿಯಲ್ಲಿ ಹೆಚ್ಚುವರಿಯಾಗಿ ಒಬ್ಬರಿಗೆ ಕಾಣುತ್ತದೆ. ಮಾರ್ಫಿನ್ ಸಾಲದ ಕ್ಯಾನ್ಸರ್ ನೋವಿಗೆ, ಟಿಎಚ್‌ಸಿ ಮತ್ತು ಸಿಬಿಡಿ ಸರಿಸುಮಾರು ಸಮವಾಗಿರುವ ನಾಬಿಕ್ಸಿಮಾಲ್ಸ್ ಎಂಬ ಬಾಯಿಸಿಂಪಡಿಕೆಯನ್ನು ಮೂರನೇ ಹಂತದ ಪರೀಕ್ಷೆಗಳಲ್ಲಿ ಕೊಟ್ಟು ನೋಡಿದರು, ಅದು ಹುಸಿ ಔಷಧವನ್ನು ಮೀರಲಿಲ್ಲ. ಇದೇ ಸಿಂಪಡಿಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಕೈಕಾಲು ಸೆಟೆದುಕೊಳ್ಳುವುದನ್ನು ತಗ್ಗಿಸುತ್ತದೆ, ಬ್ರಿಟನ್ನಿನಲ್ಲಿ 2010ರಿಂದ ಅದಕ್ಕೆ ಅನುಮತಿ ಇದೆ. ಬ್ರಿಟನ್ನಿನದೇ, ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಇರುವ ಔಷಧಗಳನ್ನು ಕೊಡಬೇಡಿ ಎನ್ನುತ್ತದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವೂ 2021ರಲ್ಲಿ ನೋವಿಗೆ ಇದರ ಸಾಮಾನ್ಯ ಬಳಕೆಯನ್ನು ಅನುಮೋದಿಸಲಿಲ್ಲ. ನಿದ್ದೆ ಸ್ವಲ್ಪ ಸುಧಾರಿಸುವುದರಿಂದ, ಮನಸ್ಸು ನೋವಿನಿಂದ ತುಸು ದೂರ ಸರಿಯುವುದರಿಂದ ಕೆಲವರಿಗೆ ಹಿತವಾಗುತ್ತದೆ ಎಂಬುದು ನಿಜ, ಮತ್ತು ಬೇರೆಲ್ಲವೂ ವಿಫಲವಾದ ಕೊನೆಯ ಹಂತದ ರೋಗಿಗೆ ಅಷ್ಟು ಹಿತವೂ ದೊಡ್ಡದೇ. ನಿಮ್ಮ ತಂದೆಯವರು ಆ ಹಂತದಲ್ಲಿಲ್ಲ.

ನಮ್ಮ ಮಲೆನಾಡಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಉಪಶಮನ ಚಿಕಿತ್ಸೆಯಲ್ಲಿ ಕೆಲಸ ಮಾಡುವ ನನ್ನ ಬಳಿಗೆ ಬರುವ ಮನೆಯವರು ಗಾಂಜಾ ಎಣ್ಣೆಯನ್ನು ಯಾರನ್ನೂ ಕೇಳದೆ ಕೊಟ್ಟಿರುತ್ತಾರೆ. ಮಾರ್ಫಿನ್ ಚೀಟಿ ಬರೆದರೆ ಮಾತ್ರ ‘ಕೊನೆಗಾಲ ಬಂತೇ ಸಾರ್?’ ಎಂದು ಕಣ್ಣೀರು ಹಾಕುತ್ತಾರೆ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್‌ಗಿರುವಷ್ಟು ಅನುಭವ, ಪುರಾವೆ ಗಾಂಜಾಕ್ಕೆ ಇಲ್ಲ. ಸರಿಯಾದ ಪ್ರಮಾಣದಲ್ಲಿ, ನಾಲ್ಕು ಗಂಟೆಗೊಮ್ಮೆ, ಮಲಬದ್ಧತೆಗೆ ಔಷಧವನ್ನೂ ಸೇರಿಸಿ ಕೊಟ್ಟರೆ ರೋಗಿ ಎದ್ದು ತೋಟಕ್ಕೆ ಹೋಗಿ ಬರುವಂತಾಗುತ್ತದೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಮಾರ್ಫಿನ್‌ನಂತಹ ಅಗತ್ಯ ಔಷಧಗಳನ್ನು ಆಸ್ಪತ್ರೆಗಳು ಇಟ್ಟುಕೊಳ್ಳುವ ಕ್ರಮವೂ ಸರಳವಾಗಿದೆ. ಕಿವಿಯ ಕಡೆಗೆ ಹರಿಯುವ ಉರಿ ಎಂದು ನೀವು ಬರೆದಿರುವುದು ನರದ ನೋವಿನ ಲಕ್ಷಣ. ಅದಕ್ಕೆ ಪ್ರಿಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಮಾತ್ರೆಗಳಿವೆ; ಸಣ್ಣ ಪ್ರಮಾಣದಿಂದ ಶುರುಮಾಡಿ ಒಂದೆರಡು ವಾರ ಕಾಯಬೇಕು. ‘ನೋವಿಗೆ ಒಂದು ಚೀಟಿ ಬರೆದುಕೊಡಿ’ ಎಂದರೆ ಸಾಮಾನ್ಯ ನೋವಿನ ಮಾತ್ರೆ ಬರುತ್ತದೆ. ಉರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಎಬ್ಬಿಸುತ್ತದೆ, ದಿಂಬು ತಾಗಿದರೆ ಆಗುತ್ತದೆಯೇ ಎಂದು ಹೇಳಿದರೆ ಸರಿಯಾದ ಔಷಧ ಬರುತ್ತದೆ.

ಈ ಔಷಧಗಳ ಜೊತೆಗೆ ಟಿಎಚ್‌ಸಿ ಸೇರಿದರೆ ಮಂಪರು, ತಲೆಸುತ್ತು, ನಿಂತ ಕೂಡಲೇ ರಕ್ತದೊತ್ತಡ ಇಳಿಯುವುದು ಎಲ್ಲ ಹೆಚ್ಚಾಗುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿ ರಾತ್ರಿ ಬಚ್ಚಲಿಗೆ ಹೋಗುವ 64ರ ಮನುಷ್ಯ ಬಿದ್ದು ಸೊಂಟ ಮುರಿದುಕೊಂಡರೆ ಕ್ಯಾನ್ಸರ್ ಚಿಕಿತ್ಸೆಯೇ ನಿಂತುಹೋದೀತು. ಹೃದಯದ ತೊಂದರೆ ಇರುವವರಿಗೆ, ಮನೆತನದಲ್ಲಿ ಸ್ಕಿಜೋಫ್ರೇನಿಯಾದಂತಹ ಕಾಯಿಲೆ ಇರುವವರಿಗೆ, ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಸೇದುವುದಂತೂ ಆಪರೇಷನ್ ಆದ ಬಾಯಿಗೆ ಸರ್ವಥಾ ಕೂಡದು.

ಕಷಾಯದ ಸಲಹೆಯಲ್ಲಿ ರಸಾಯನಶಾಸ್ತ್ರದ ಒಂದು ತಪ್ಪೂ ಇದೆ. ಹಸಿ ಗಿಡದಲ್ಲಿ ಟಿಎಚ್‌ಸಿ ಬಹುಪಾಲು ಆಮ್ಲದ ರೂಪದಲ್ಲಿರುತ್ತದೆ. ಬಿಸಿ ತಾಗಿದ ಮೇಲೆಯೇ ಅಮಲು ತರುವ ರೂಪಕ್ಕೆ ತಿರುಗುತ್ತದೆ, ಮತ್ತು ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಳೆಯ ವೈದ್ಯರು ಭಂಗಿಯನ್ನು ಹಾಲಿನಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿದು ಶೋಧಿಸಿ ಬಳಸುತ್ತಿದ್ದುದು ಸುಮ್ಮನೆ ಅಲ್ಲ. ನೀರಿನ ಕಷಾಯದಲ್ಲಿ ಒಂದು ದಿನ ಏನೂ ಇಳಿಯದೆ, ಹಾಲು ಬೆರೆಸಿದ ಮರುದಿನ ತುಂಬಾ ಇಳಿಯಬಹುದು. ಸೊಪ್ಪಿಗಿಂತ ಹೂತೆನೆಯಲ್ಲಿ ಅಂಶ ಎಷ್ಟೋ ಪಟ್ಟು ಹೆಚ್ಚು. ನೂರಕ್ಕೆ 10ರಷ್ಟು ಟಿಎಚ್‌ಸಿ ಇರುವ ಒಂದು ಗ್ರಾಂ ಹೂವಿನಲ್ಲಿ 100 ಮಿಲಿಗ್ರಾಂ ಆಯಿತು. ಡ್ರೊನಾಬಿನಾಲ್ ಶುರುಮಾಡುವುದು 2.5 ಮಿಲಿಗ್ರಾಂನಿಂದ. ಹೊಟ್ಟೆಗೆ ತೆಗೆದುಕೊಂಡ ಟಿಎಚ್‌ಸಿ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನೊಂದು ಲೋಟ ಕುಡಿಸಿ, ರಾತ್ರಿ ಎದೆ ಬಡಿದುಕೊಂಡು ಜೀವವೇ ಹೋಯಿತೆಂದು ಆಸ್ಪತ್ರೆಗೆ ಓಡಿಬರುವುದು ಹೀಗೆ. ಅದಲ್ಲದೆ ನಮ್ಮ ಮಳೆಗಾಲದ ತೇವದಲ್ಲಿ ಒಣಗಿಸಿದ ಯಾವ ಸೊಪ್ಪಿಗೂ ಬೂಷ್ಟು ಬರುತ್ತದೆ. ಗಾಂಜಾದ ಮೇಲಿನ ಆಸ್ಪರ್ಜಿಲಸ್ ಬೂಷ್ಟಿನಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೆ ಶ್ವಾಸಕೋಶದ ಸೋಂಕು ಬಂದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ, ಕೀಮೋ ಪಡೆಯುತ್ತಿರುವವರು ಅದೇ ಗುಂಪಿನವರು.

ಕಾನೂನಿನ ಪ್ರಶ್ನೆಗೆ ಉತ್ತರ ಗಿಡದ ಯಾವ ಭಾಗ ಎಂಬುದರ ಮೇಲೆ ನಿಂತಿದೆ. 1985ರ ಮಾದಕವಸ್ತು ಕಾಯ್ದೆಯು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಗಾಂಜಾ ಎಂದೂ, ಅಂಟನ್ನು ಚರಸ್ ಎಂದೂ ಕರೆದು ಎರಡನ್ನೂ ನಿಷೇಧಿಸುತ್ತದೆ. ತುದಿಯ ಜೊತೆಗಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಭಾಂಗ್ ಈ ಕಾಯ್ದೆಯಡಿ ಬರುವುದಿಲ್ಲ ಎಂಬ ನಿಲುವು ತಾಳಿತು. ಆಯುರ್ವೇದ ಕಂಪನಿಗಳು ಎಲೆಯ ಸಾರದಿಂದ ‘ವಿಜಯಾ’ ಎಣ್ಣೆ ತಯಾರಿಸಲು ಪರವಾನಗಿ ಪಡೆಯುವುದು ಈ ಕಿಂಡಿಯಿಂದಲೇ. ಆದರೂ ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ ಭಾಂಗ್ ವಿಷದ್ರವ್ಯವಾಗಿ ಸೇರಿದೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಲೇಬಲಿನ ಮೇಲೆ ಇರಲೇಬೇಕು. ಗಿಡ ಬೆಳೆಸುವುದಕ್ಕೆ ಮಾತ್ರ ಇಂತಹ ಯಾವ ವಿನಾಯಿತಿಯೂ ಇಲ್ಲ. ಪರವಾನಗಿ ಇಲ್ಲದೆ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಔಷಧಕ್ಕಾಗಿ ಹಿತ್ತಲಲ್ಲಿ ನೆಟ್ಟ ಒಂದೇ ಗಿಡ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಶುಂಠಿ ಹೊಲದಲ್ಲೋ ಅಡಿಕೆ ತೋಟದಲ್ಲೋ ನಾಲ್ಕು ಗಿಡ ಸಿಕ್ಕಿ ಪ್ರಕರಣ ದಾಖಲಾದ ಸುದ್ದಿಯನ್ನು ನೀವೂ ಜಿಲ್ಲೆಯ ಪತ್ರಿಕೆಗಳಲ್ಲಿ ಓದಿರುತ್ತೀರಿ. ಉತ್ತರಾಖಂಡ 2018ರಲ್ಲಿ ಪರವಾನಗಿ ಕೊಟ್ಟು ಬೆಳೆಸಲು ಬಿಟ್ಟದ್ದು ಟಿಎಚ್‌ಸಿ ಅತ್ಯಲ್ಪವಾಗಿರುವ ನಾರಿನ ತಳಿಯನ್ನು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು ಎಂಬುದನ್ನು ನಿಮ್ಮ ಚಿಕ್ಕಪ್ಪನ ಮಗ ಹೇಳಿದರೂ ಹೇಳಿಯಾರು. ಅದರಿಂದ ನಮ್ಮ ಕಾಯ್ದೆ ಬದಲಾಗಲಿಲ್ಲ.

ಈಗ ಮಗುವಿನ ವಿಷಯ. ಮೂರ್ಛೆರೋಗದಲ್ಲಿ ಸಿಬಿಡಿಯ ಉಪಯೋಗ ಈ ಇಡೀ ಚರ್ಚೆಯಲ್ಲಿ ಅತ್ಯಂತ ಭದ್ರವಾದ ಭಾಗ. ಡ್ರಾವೆ ಸಿಂಡ್ರೋಮ್ ಎಂಬ, ಒಂದು ವರ್ಷ ತುಂಬುವ ಮೊದಲೇ ಜ್ವರದ ಜೊತೆ ದೀರ್ಘವಾದ ಫಿಟ್ಸ್‌ನಿಂದ ಶುರುವಾಗುವ ಕಠಿಣ ಕಾಯಿಲೆಯ 120 ಮಂದಿ ಮಕ್ಕಳು ಮತ್ತು ಯುವಕರ ಮೇಲೆ ನಡೆದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಶುದ್ಧ ಸಿಬಿಡಿ ಪಡೆದವರಲ್ಲಿ ತಿಂಗಳ ಸೆಳವುಗಳ ಮಧ್ಯಮ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು, ಹುಸಿ ಔಷಧದವರಲ್ಲಿ 14.9 ಇದ್ದದ್ದು 14.1ಕ್ಕೆ ನಿಂತಿತು. ಪೂರ್ತಿ ಸೆಳವು ನಿಂತವರು ನೂರಕ್ಕೆ 5 ಮಾತ್ರ ಎಂಬುದನ್ನೂ ಜೊತೆಗೇ ಹೇಳಬೇಕು. ಇದರ ಮತ್ತು ಲೆನಾಕ್ಸ್-ಗಾಸ್ಟಾ ಎಂಬ ಇನ್ನೊಂದು ಕಠಿಣ ಮೂರ್ಛೆಯ ಪರೀಕ್ಷೆಗಳ ಆಧಾರದಲ್ಲಿ 2018ರ ಜೂನ್‌ನಲ್ಲಿ ಎಪಿಡಿಯೋಲೆಕ್ಸ್ ಎಂಬ ದ್ರಾವಣಕ್ಕೆ ಎಫ್‌ಡಿಎ ಅನುಮತಿ ಕೊಟ್ಟಿತು, 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಸೆಳವುಗಳೂ ಆ ಪಟ್ಟಿಗೆ ಸೇರಿದವು. ಅನುಮತಿ ಇರುವುದು ಈ ಮೂರು ಕಾಯಿಲೆಗಳಿಗೆ. ಎಲ್ಲ ಮೂರ್ಛೆಗೂ ಅಲ್ಲ.

ನಿಮ್ಮ ಬಾಟಲಿಯನ್ನು ಈ ಔಷಧದ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡೋಣ. ನನ್ನ ಬಳಿಗೆ ಬರುವ ಇಂತಹ ಬಾಟಲಿಗಳ ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ, 1000 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಹಿಂಭಾಗದ ಸಣ್ಣ ಅಕ್ಷರ ಓದಿದರೆ ಅದು ‘ವಿಜಯಾ ಪತ್ರ ಸಾರ’ದ ತೂಕ, ಸಿಬಿಡಿಯದಲ್ಲ. ವಾದಕ್ಕಾಗಿ ಅಷ್ಟೂ ಸಿಬಿಡಿಯೇ ಎನ್ನೋಣ. 30 ಮಿಲಿಲೀಟರಿನಲ್ಲಿ 1000 ಎಂದರೆ ಒಂದು ಮಿಲಿಲೀಟರಿಗೆ ಸುಮಾರು 33 ಮಿಲಿಗ್ರಾಂ. ಮಿಲಿಲೀಟರಿಗೆ 20 ಹನಿ ಹಿಡಿದರೆ ಮೂರು ಹನಿಯಲ್ಲಿ 5 ಮಿಲಿಗ್ರಾಂ. ಎಪಿಡಿಯೋಲೆಕ್ಸ್‌ನ ಸಾಮಾನ್ಯ ಪ್ರಮಾಣ ದಿನಕ್ಕೆ ಪ್ರತಿ ಕೆ.ಜಿ.ಗೆ 10 ಮಿಲಿಗ್ರಾಂ, ಅಂದರೆ 20 ಕೆ.ಜಿ.ಯ ನಿಮ್ಮ ಹುಡುಗನಿಗೆ 200 ಮಿಲಿಗ್ರಾಂ. ನೀವು ದಿನಕ್ಕೆ ಮೂರು ಹನಿ ಕೊಡುತ್ತಿದ್ದರೆ ಅದು ಅದರ ನಲವತ್ತನೇ ಒಂದು ಭಾಗ. ಹಾಗೆಂದು ಹನಿ ಹೆಚ್ಚಿಸಿದರೆ ಐದು ದಿನಕ್ಕೆ ಬಾಟಲಿ ಖಾಲಿ, ಜೊತೆಗೆ ಆ ಸಾರದೊಳಗಿನ ಟಿಎಚ್‌ಸಿಯೂ ಅಷ್ಟೇ ಪಟ್ಟು ಮಗುವಿನ ಮಿದುಳಿಗೆ ಹೋಗುತ್ತದೆ. ಲೇಬಲನ್ನು ನಂಬುವಂತೆಯೂ ಇಲ್ಲ: ಅಮೆರಿಕದಲ್ಲಿ ಆನ್‌ಲೈನಿನಿಂದ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಬರೆದಷ್ಟೇ ಸಿಬಿಡಿ ಇದ್ದದ್ದು ನೂರಕ್ಕೆ 31ರಲ್ಲಿ, 18 ಉತ್ಪನ್ನಗಳಲ್ಲಿ ಟಿಎಚ್‌ಸಿ ಸಿಕ್ಕಿತು.

ಇದಕ್ಕಿಂತ ನನ್ನನ್ನು ಕಾಡುವುದು ವಾಲ್ಪ್ರೊಯೇಟ್. ಸಿಬಿಡಿ ಮತ್ತು ವಾಲ್ಪ್ರೊಯೇಟ್ ಒಟ್ಟಿಗೆ ಸೇರಿದಾಗ ಲಿವರಿನ ಎಂಜೈಮುಗಳು ಏರುವುದು ಪರೀಕ್ಷೆಗಳಲ್ಲೇ ಸ್ಪಷ್ಟವಾಗಿ ಕಂಡಿದೆ, ಆದ್ದರಿಂದ ಅಲ್ಲಿ ರಕ್ತಪರೀಕ್ಷೆ ಮಾಡಿಯೇ ಕೊಡುತ್ತಾರೆ. ಮುಂದೆ ಕ್ಲೊಬಾಜಾಮ್ ಎಂಬ ಇನ್ನೊಂದು ಮೂರ್ಛೆ ಔಷಧ ಸೇರಿಸಿದರೆ ಅದರ ಅಂಶವನ್ನೂ ಸಿಬಿಡಿ ರಕ್ತದಲ್ಲಿ ಏರಿಸಿ ಮಗು ಮಂಕಾಗುತ್ತದೆ. ಎಣ್ಣೆ ಕೊಡುತ್ತಿರುವುದನ್ನು ವೈದ್ಯರಿಗೆ ಹೇಳದಿದ್ದರೆ ಅವರು ಆ ಮಂಕನ್ನು ರೋಗವೆಂದೋ ತಮ್ಮ ಔಷಧದ ದೋಷವೆಂದೋ ತಪ್ಪಾಗಿ ತಿಳಿಯುತ್ತಾರೆ. ಎಣ್ಣೆ ಫಲ ಕೊಟ್ಟಿತೆಂದು ವಾಲ್ಪ್ರೊಯೇಟನ್ನು ಥಟ್ಟನೆ ನಿಲ್ಲಿಸಿದರಂತೂ ಬಿಡದೆ ಬರುವ ಸೆಳವಿಗೆ ದಾರಿಯಾಗುತ್ತದೆ, ಅದು ಪ್ರಾಣಕ್ಕೇ ಅಪಾಯ.

ಮಗುವಿನದು ಯಾವ ಬಗೆಯ ಮೂರ್ಛೆ ಎಂದು ನೀವು ಬರೆದಿಲ್ಲ, ನಿಜವಾಗಿ ತಿಳಿಯಬೇಕಾದದ್ದು ಅದೇ. ಸರಿಯಾದ ಔಷಧ ಸರಿಯಾದ ಪ್ರಮಾಣದಲ್ಲಿ ಸಿಕ್ಕರೆ ಮೂರ್ಛೆ ಇರುವ ನೂರರಲ್ಲಿ 70ರವರೆಗೆ ಮಂದಿ ಸೆಳವಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾಗಿ ಆಯ್ದ ಎರಡು ಔಷಧಗಳೂ ಸಾಕಷ್ಟು ಪ್ರಮಾಣದಲ್ಲಿ ಸೋತ ಮೇಲೆ ಮಾತ್ರ ಅದನ್ನು ಔಷಧಕ್ಕೆ ಜಗ್ಗದ ಮೂರ್ಛೆ ಎನ್ನುತ್ತಾರೆ. ನಿಮ್ಮ ಹುಡುಗ ಇನ್ನೂ ಒಂದರಲ್ಲೇ ಇದ್ದಾನೆ. ಎಣ್ಣೆಯನ್ನು ನಿಲ್ಲಿಸಿ. ಇಷ್ಟು ಸಣ್ಣ ಪ್ರಮಾಣವಾದ್ದರಿಂದ ಹಂತಹಂತವಾಗಿ ಇಳಿಸುವ ಅಗತ್ಯ ಕಾಣುವುದಿಲ್ಲ, ಆದರೆ ಸಿರಪ್ ಒಂದು ಹೊತ್ತೂ ತಪ್ಪಬಾರದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಲಿವರ್ ಪರೀಕ್ಷೆ ಮಾಡಿಸಿ, ಅಲ್ಲಿಂದ ಅಗತ್ಯ ಬಿದ್ದರೆ ನಿಮ್ಹಾನ್ಸ್‌ಗೋ ಮಣಿಪಾಲಕ್ಕೋ ಮಕ್ಕಳ ನರರೋಗ ತಜ್ಞರ ಬಳಿಗೆ ಚೀಟಿ ಪಡೆಯಿರಿ. ಹೋಗುವಾಗ ಬಾಟಲಿಯನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ. ಮುಂದಿನ ಸಲ ಸೆಳವು ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಮೊದಲು ಯಾವ ಕೈ ಎಳೆಯಿತು, ಕಣ್ಣು ಯಾವ ಕಡೆ ತಿರುಗಿತು, ಎಷ್ಟು ನಿಮಿಷ ಇತ್ತು ಎಂಬುದು ಅದರಲ್ಲಿ ಸಿಕ್ಕರೆ ತಜ್ಞರಿಗೆ ಅರ್ಧ ಕೆಲಸ ಮುಗಿದಂತೆ. ಐದು ನಿಮಿಷ ಮೀರಿದರೆ ವಿಡಿಯೊ ಬಿಟ್ಟು 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ.